ಎರಡು ಹಿತ್ತಿಲ ಸಿಹಿಜೋಳ

"ಗುರುಗಳೇ, ಯಾರಿಗೂ ಕೇಡು ಮಾಡದೆ ನನ್ನ ಪಾಡಿಗೆ ನಾನು ಬಾಳಿದರೆ ಸಾಲದೇ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ರೇವಯ್ಯ. ಮಠದಲ್ಲಿ ಅವನೂ ಇನ್ನೊಬ್ಬ ಶಿಷ್ಯನೂ ಆರು ವರ್ಷ ಒಂದೇ ಪಡಸಾಲೆಯಲ್ಲಿ ಮಲಗಿ, ಒಂದೇ ಪರಾತದಲ್ಲಿ ಹಿಟ್ಟು ನಾದಿಕೊಂಡು ಬಂದವರು. ಹಿಂದಿನ ಮಳೆಗಾಲದಲ್ಲಿ ಇಬ್ಬರ ನಡುವೆ ಒಂದು ಮಾತು ಬಂತು. ರೇವಯ್ಯ ಜಗಳವಾಡಲಿಲ್ಲ. ಚಾಪೆ ಸುತ್ತಿಕೊಂಡು ಹೋಗಿ ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಹಾಸಿಕೊಂಡ. ಅಂದಿನಿಂದ ಅವನ ಜಪ ಹೆಚ್ಚಾಯಿತು, ಮಾತು ಕಡಿಮೆಯಾಯಿತು. ಆ ಗೆಳೆಯನ ಬಗ್ಗೆ ಅವನು ಒಂದು ಕೆಟ್ಟ ಮಾತು ಆಡಿದ್ದನ್ನು ಮಠದಲ್ಲಿ ಯಾರೂ ಕೇಳಲಿಲ್ಲ.

ಗುರುಗಳು ಅವರೆಕಾಯಿ ಬಿಡಿಸುತ್ತ ಕುಳಿತಿದ್ದರು. ಕೈ ನಿಲ್ಲಿಸದೆಯೇ, ಕೂತುಕೋ ಎಂದರು. ರೇವಯ್ಯ ಕೂತ. ಅವನ ಮುಂದಕ್ಕೂ ಒಂದಷ್ಟು ಕಾಯಿ ಸರಿಸಿ, ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಇಬ್ಬರು ನೇಕಾರರಿದ್ದರು, ಅಣ್ಣತಮ್ಮಂದಿರು. ಒಂದೇ ಮನೆ, ಎರಡು ಮಗ್ಗ. ಅಣ್ಣನ ಹೆಂಡತಿ ಶಿವಗಂಗವ್ವ. ತಮ್ಮನ ಹೆಂಡತಿ ಸಾವಂತ್ರವ್ವ. ವಾರಗಿತ್ತಿಯರು ಒಡಹುಟ್ಟಿದವರ ಹಾಗೆ ಇದ್ದರು. ಶಿವಗಂಗವ್ವನಿಗೆ ಮಕ್ಕಳಾಗಲಿಲ್ಲ. ಸಾವಂತ್ರವ್ವನಿಗೆ ಒಬ್ಬಳೇ ಮಗಳು, ಹೆಸರು ಕಸ್ತೂರಿ. ಹೆತ್ತವಳು ತಾಯಿ, ಆದರೆ ಕೂಸು ಬೆಳೆದದ್ದು ದೊಡ್ಡವ್ವನ ಸೊಂಟದ ಮೇಲೆ. ತಾಯಿ ಕಂಡಿಕೆಗೆ ನೂಲು ಸುತ್ತುತ್ತ ಕುಳಿತರೆ ದೊಡ್ಡವ್ವ ಉಣಿಸುತ್ತಿದ್ದಳು, ದೊಡ್ಡವ್ವನೇ ತಲೆ ಬಾಚುತ್ತಿದ್ದಳು. ಮಗು ಮೊದಲು ಕಲಿತ ಮಾತು 'ಅವ್ವ'. ಅದು ಇಬ್ಬರಲ್ಲಿ ಯಾರನ್ನು ಕರೆದದ್ದೆಂದು ಯಾರೂ ವಿಚಾರಿಸಲಿಲ್ಲ.

ಮನೆಯ ಹಿಂದೆ ಒಂದು ಹಿತ್ತಿಲಿತ್ತು. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಶಿವಗಂಗವ್ವ ಅಲ್ಲಿ ಸಿಹಿ ಜಾತಿಯ ಮುಸುಕಿನ ಜೋಳ ಹಾಕುತ್ತಿದ್ದಳು. ನಡುವೆ ಒಂದು ಚೌಕ ಮಾಡಿ ಐದು ಸಾಲು ಒತ್ತಾಗಿ ಊರುತ್ತಿದ್ದಳು. ಅದೇಕೆ ಹಾಗೆಂದು ಅವಳಿಗೆ ಗೊತ್ತಿರಲಿಲ್ಲ. ಅತ್ತೆ ಹಾಗೆ ಊರುತ್ತಿದ್ದಳು, ಇವಳೂ ಹಾಗೆ ಊರಿದಳು. ತೆನೆ ತುದಿಯವರೆಗೆ ತುಂಬಿ ಬರುತ್ತಿತ್ತು. ಎಳೆಯ ತೆನೆ ಬೇಯಿಸಿ ಕೊಟ್ಟರೆ ಕಸ್ತೂರಿ ಹೊಸ್ತಿಲ ಮೇಲೆ ಕುಳಿತು ಒಂದೊಂದೇ ಸಾಲು ಬಿಡಿಸಿ ತಿನ್ನುತ್ತಿದ್ದಳು. ಮುಗಿದ ಮೇಲೆ ದಿಂಡನ್ನು ಚೀಪುತ್ತಿದ್ದಳು.

ಕಸ್ತೂರಿಗೆ ಐದು ವರ್ಷವಾಗಿದ್ದಾಗ ಒಂದು ಬೆಳಿಗ್ಗೆ ಹೀಗಾಯಿತು. ನೂಲಿಗೆ ಹಾಕುವ ಗಂಜಿ ಕುದಿಸಿದ ಶಿವಗಂಗವ್ವ ಪಾತ್ರೆಯನ್ನು ಒಲೆಯಿಂದ ಇಳಿಸಿ ನೆಲದ ಮೇಲಿಟ್ಟಳು. ನೂಲು ತರಲು ಒಳಗೆ ಹೋದಳು. ಹೋಗಿ ಬರುವಷ್ಟರಲ್ಲಿ ಮಗು ಆಡುತ್ತ ಬಂದು ಪಾತ್ರೆಗೆ ಎಡವಿತು. ಬಲಗೈ ಮೊಣಕೈಯವರೆಗೆ ಬೆಂದಿತು.

ಸಾವಂತ್ರವ್ವ ಓಡಿ ಬಂದು ಮಗಳನ್ನು ಬಾಚಿಕೊಂಡಳು. ಮಗುವಿನ ಚೀರಾಟದಲ್ಲಿ ಅವಳಿಗೆ ಬೇರೇನೂ ಕೇಳಿಸುತ್ತಿರಲಿಲ್ಲ. ತಾನು ಏನು ಅನ್ನುತ್ತಿದ್ದೇನೆಂದೂ ಕೇಳಿಸಲಿಲ್ಲ. ವಾರಗಿತ್ತಿಯ ಮುಖ ನೋಡಿ ಒಂದೇ ಮಾತು ಅಂದಳು:

"ಹೆತ್ತಿದ್ದರೆ ಗೊತ್ತಾಗುತ್ತಿತ್ತು."

ಶಿವಗಂಗವ್ವ ಉತ್ತರ ಕೊಡಲಿಲ್ಲ. ಅಂದೂ ಕೊಡಲಿಲ್ಲ, ಮರುದಿನವೂ ಕೊಡಲಿಲ್ಲ. ಒಂದು ತಿಂಗಳಿಗೆ ಮಗುವಿನ ಕೈ ವಾಸಿಯಾಯಿತು. ಚರ್ಮ ಮಾತ್ರ ಸುಕ್ಕುಗಟ್ಟಿ ಉಳಿಯಿತು. ಆ ವಾರದಲ್ಲೇ ಶಿವಗಂಗವ್ವ ಗಂಡನಿಗೆ ಹೇಳಿ ಮನೆ ಪಾಲು ಮಾಡಿಸಿದಳು. ಒಳಗೆ ಗೋಡೆ ಎದ್ದಿತು. ಹಿತ್ತಿಲ ನಡುವೆ ಬಿದಿರಿನ ಬೇಲಿ ಬಂತು. ಬಾವಿ ಆಚೆ ಬದಿಗೆ ಹೋಯಿತು, ನೂಲಿಗೆ ಬಣ್ಣ ಹಾಕುವ ಕಲ್ಲಿನ ತೊಟ್ಟಿ ಈಚೆ ಬದಿಗೆ ಉಳಿಯಿತು. ಬೇಲಿಗೂ ತೊಟ್ಟಿಗೂ ನಡುವೆ ಶಿವಗಂಗವ್ವನಿಗೆ ದಕ್ಕಿದ್ದು ಉದ್ದನೆಯ ಒಂದು ಪಟ್ಟಿ ನೆಲ.

ಅಣ್ಣತಮ್ಮಂದಿರು ಮಗ್ಗದ ಕೆಲಸಕ್ಕೆ ಬೇಕಾದಷ್ಟು ಮಾತಾಡಿಕೊಳ್ಳುತ್ತಿದ್ದರು. ಹೆಂಗಸರು ಅಷ್ಟನ್ನೂ ಆಡಲಿಲ್ಲ. ಹಾಗೆಂದು ಶಿವಗಂಗವ್ವ ಬೀದಿಯಲ್ಲಿ ದೂರಲಿಲ್ಲ, ಶಾಪ ಹಾಕಲಿಲ್ಲ. ಆಚೆ ಮನೆಯ ಆಕಳು ಬೇಲಿ ಹಾರಿ ಬಂದರೆ ಹೊಡೆಯದೆ ಅಟ್ಟಿ ಕಳಿಸುತ್ತಿದ್ದಳು. ನೀರಿಗೆ ಊರ ಬಾವಿಗೆ ಹೋಗುತ್ತಿದ್ದಳು. ಕಸ್ತೂರಿ ಬೇಲಿಯ ಸಂದಿಯಲ್ಲಿ ನಿಂತು ದೊಡ್ಡವ್ವಾ ಎಂದು ಕರೆದರೆ ಬೆಲ್ಲದ ಚೂರು ಕೊಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಮಗು ಯಾವ ಕೈ ಚಾಚಿತೆಂದು ನೋಡುತ್ತಿರಲಿಲ್ಲ. ಅಷ್ಟು ದೊಡ್ಡ ಮಾತು ಅನ್ನಿಸಿಕೊಂಡೂ ತಿರುಗಿ ಒಂದು ಮಾತು ಆಡದ ಸಾಧ್ವಿ ಎಂದು ಊರವರು ಅವಳನ್ನು ಹೊಗಳಿದರು. ಕೆಲವು ವರ್ಷಗಳಾದ ಮೇಲೆ ಅವಳಿಗೂ ಅದು ನಿಜವೆನ್ನಿಸಿತು.

ಜೋಳ ಹಾಕುವುದನ್ನು ಮಾತ್ರ ಅವಳು ಬಿಡಲಿಲ್ಲ. ಜಾಗ ಕಡಿಮೆಯಾದ್ದರಿಂದ ಬೇಲಿಗುಂಟ ಒಂದೇ ಸಾಲು ಊರಿದಳು. ಗಿಡ ಎತ್ತರವಾಗಿ, ಹಸಿರಾಗಿ ಬೆಳೆಯಿತು. ತೆನೆ ಬಿಚ್ಚಿದರೆ ಹಲ್ಲುದುರಿದ ಬಾಯಿಯ ಹಾಗೆ ಅಲ್ಲಲ್ಲಿ ಕಾಳು. ಮರುವರ್ಷ ಗೊಬ್ಬರ ಹೆಚ್ಚು ಹಾಕಿದಳು. ಅದರ ಮರುವರ್ಷ ಬೇರೆ ಬೀಜ ತರಿಸಿದಳು. ಗಿಡಕ್ಕೆ ಗಿಡ ತಾಗಿದ್ದರಿಂದ ಹೀಗಾಗಿರಬೇಕೆಂದು ಇನ್ನಷ್ಟು ದೂರ ದೂರ ಊರಿದಳು. ತೆನೆ ಇನ್ನೂ ಬೋಳಾಯಿತು. ಕೂಡಿದ ನಾಲ್ಕು ಕಾಳಿಗೂ ಸಿಹಿ ಇರಲಿಲ್ಲ. ಹಲ್ಲಿಗೆ ಗಟ್ಟಿ, ಬಾಯಿಗೆ ಹಿಟ್ಟು. ಈ ನೆಲದ ಋಣ ಇಷ್ಟೇ ಎಂದುಕೊಂಡಳು.

ಹೀಗೆ ಹದಿನಾಲ್ಕು ವರ್ಷ ಕಳೆಯಿತು. ಕಸ್ತೂರಿ ದೊಡ್ಡವಳಾಗಿ ಮದುವೆಯಾಗಿ ಹೋದಳು. ಮದುವೆಯ ದಿನ ಶಿವಗಂಗವ್ವ ಅಕ್ಷತೆ ಹಾಕಿ, ಊಟಕ್ಕೆ ನಿಲ್ಲದೆ ಬಂದಳು. ಮೊದಲ ಬಸಿರು ಕಸ್ತೂರಿಗೆ ನಿಲ್ಲಲಿಲ್ಲ. ಎರಡನೆಯದು ಮೂರು ತಿಂಗಳು ತುಂಬುವ ಹೊತ್ತಿಗೆ ಅವಳನ್ನು ತವರಿಗೆ ತಂದು ಬಿಟ್ಟರು. ಏನು ಉಂಡರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಗಂಜಿಯ ತಿಳಿ, ಎರಡು ಗುಟುಕು ಮಜ್ಜಿಗೆ, ಅಷ್ಟೇ. ಸೂಲಗಿತ್ತಿ ಬಂದು ನೋಡಿ, ಈ ಹುಡುಗಿ ಹೀಗೇ ಇಳಿದರೆ ಇದೂ ಉಳಿಯುವುದು ಕಷ್ಟ, ಬಯಸಿದ್ದು ಏನಿದ್ದರೂ ತಂದು ಕೊಡಿ ಎಂದಳು.

ಏನು ಬೇಕು ಮಗಳೇ ಎಂದು ತಾಯಿ ಕೇಳಿದಳು. ಕಸ್ತೂರಿ, ಸಣ್ಣವಳಿದ್ದಾಗ ಹಿತ್ತಿಲಲ್ಲಿ ಬೆಳೆಯುತ್ತಿದ್ದ ಸಿಹಿಜೋಳ ಸಿಕ್ಕರೆ ತಿಂದೇನು ಎಂದಳು. ಸಾವಂತ್ರವ್ವ ಗಂಡನನ್ನು ದೂರದ ಪೇಟೆಗೆ ಓಡಿಸಿದಳು. ಅವನು ತಂದ ತೆನೆ ಕಿತ್ತು ಎರಡು ದಿನವಾಗಿತ್ತು. ಬೇಯಿಸಿ ಕೊಟ್ಟರೆ ಕಸ್ತೂರಿ ಒಂದು ಕಚ್ಚು ಕಚ್ಚಿ ಕೆಳಗಿಟ್ಟಳು. ಇದಲ್ಲ ಎಂದಳು. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿತ್ತಿಲಿಗೆ ಬಂದು ಅತ್ತಳು.

ಬೇಲಿಯ ಈಚೆ ನೂಲು ಒಣಹಾಕುತ್ತಿದ್ದ ಶಿವಗಂಗವ್ವನಿಗೆ ಆ ಅಳು ಕೇಳಿಸಿತು. ಒಳಗೆ ಆಡಿದ ಮಾತೂ ಕೇಳಿಸಿತ್ತು.

ಅವಳು ಕೈಯ ನೂಲನ್ನು ಅಲ್ಲೇ ಬಿಟ್ಟು, ಊರ ಹೊರಗೆ ಕಾಯಿಪಲ್ಲೆ ಬೆಳೆಯುವ ಒಬ್ಬ ಮುದುಕಿಯ ಬಳಿಗೆ ಹೋದಳು. ತನ್ನ ಹಿತ್ತಿಲಲ್ಲಿ ಸಿಹಿಜೋಳ ಯಾಕೆ ಆಗುವುದಿಲ್ಲ ಎಂದು ಕೇಳಿದಳು. ಎಷ್ಟು ಸಾಲು ಹಾಕುತ್ತೀ ಎಂದು ಮುದುಕಿ ಕೇಳಿದಳು. ಒಂದು ಎಂದಳು.

ಮುದುಕಿ ತನ್ನ ಹೊಲದ ಗಟ್ಟಿ ಜಾತಿಯ ಮುಸುಕಿನ ಜೋಳದಿಂದ ಒಂದು ಎಳೆಯ ತೆನೆ ಕಿತ್ತು ಅದರ ಮುಸುಕನ್ನು ಸುಲಿದು ತೋರಿಸಿದಳು. ತೆನೆಯ ತುದಿಯಲ್ಲಿ ರೇಷ್ಮೆಯಂಥ ಎಳೆಗಳಿದ್ದವು. ನೀನು ನೇಕಾರರವಳು, ಈ ಎಳೆ ಹಿಡಿದುಕೊಂಡು ಹೋಗು ಎಂದಳು. ಶಿವಗಂಗವ್ವ ಒಂದು ಎಳೆಯನ್ನು ಬೆರಳಲ್ಲಿ ಹಿಡಿದು ಬುಡದವರೆಗೆ ಹೋದಳು. ಅದು ಒಂದು ಕಾಳಿನಲ್ಲಿ ಮುಗಿಯಿತು. ಇನ್ನೊಂದು ಎಳೆ ಹಿಡಿದಳು. ಅದು ಇನ್ನೊಂದು ಕಾಳಿನಲ್ಲಿ ಮುಗಿಯಿತು.

ಮುದುಕಿ ತಿಳಿಸಿ ಹೇಳಿದಳು. ಗಿಡದ ನೆತ್ತಿಯ ಮೇಲೆ ಹೂ ಬರುತ್ತದೆ. ಅದರ ಹುಡಿ ಗಾಳಿಯಲ್ಲಿ ಹಾರಿ ಈ ಎಳೆಯ ಮೇಲೆ ಕೂರಬೇಕು. ಹುಡಿ ಬಿದ್ದ ಎಳೆಗೆ ಕಾಳು, ಬೀಳದ ಎಳೆಗೆ ಬಯಲು. ತನ್ನ ನೆತ್ತಿಯ ಹುಡಿ ತನ್ನ ತೆನೆಗೇ ಬೀಳುವುದು ಅಪರೂಪ, ಪಕ್ಕದ ಗಿಡದ್ದು ಬರಬೇಕು. ಒಂದೇ ಸಾಲು ಹಾಕಿದರೆ ಗಾಳಿ ಅದನ್ನೆಲ್ಲ ಹೊತ್ತುಕೊಂಡು ಎತ್ತಲೋ ಹೋಗುತ್ತದೆ. ನಾಲ್ಕು ಸಾಲಾದರೂ ಒತ್ತಾಗಿ ಇರಬೇಕು. ಇನ್ನೂ ಒಂದು ಮಾತು. ಹತ್ತಿರದಲ್ಲಿ ದನದ ಮೇವಿಗೆ ಹಾಕಿದ ಇಂಥ ಗಟ್ಟಿ ಜೋಳವಿದ್ದು ಅದೂ ಅದೇ ಹೊತ್ತಿಗೆ ಹೂ ಬಿಟ್ಟರೆ, ಅದರ ಹುಡಿ ಬಿದ್ದ ಕಾಳು ಗಟ್ಟಿಯೇ ಆಗುತ್ತದೆ.

ಶಿವಗಂಗವ್ವ ಮನೆಗೆ ಬಂದು ಹಿತ್ತಿಲಲ್ಲಿ ನಿಂತು ನೋಡಿದಳು. ಅವಳ ಪಟ್ಟಿಯಲ್ಲಿ ಎಷ್ಟು ಒತ್ತಿದರೂ ಎರಡು ಸಾಲಿಗಿಂತ ಹೆಚ್ಚು ಹಿಡಿಯದು. ಬೇಲಿಯ ಆಚೆ ಸಾವಂತ್ರವ್ವ ಆಕಳಿಗೆಂದು ಹಾಕಿದ ಗಟ್ಟಿ ಜೋಳ ಸೊಂಟದೆತ್ತರ ನಿಂತಿತ್ತು. ಪ್ರತಿ ವರ್ಷವೂ ಅದು ಅಲ್ಲಿಯೇ ಇತ್ತು.

ಮೂರು ದಿನ ಅವಳು ಆಚೆ ಮನೆಗೆ ಹೋಗಲಿಲ್ಲ. ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟುಕೊಂಡು, ಬಾಗಿಲವರೆಗೆ ಬಂದು ಹಿಂದಿರುಗಿದಳು. ನಾಲ್ಕನೆಯ ದಿನ ಬೆಳಿಗ್ಗೆ ಆಚೆ ಮನೆಯಿಂದ ಕಸ್ತೂರಿ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಶಿವಗಂಗವ್ವ ಬೀದಿಗೆ ಇಳಿದು, ಆಚೆ ಬಾಗಿಲಿಗೆ ಹೋಗಿ ನಿಂತಳು.

ಬಾಗಿಲಿಗೆ ಬಂದ ಸಾವಂತ್ರವ್ವ ಚೌಕಟ್ಟು ಹಿಡಿದು ನಿಂತಳು.

"ಸಾವಂತ್ರಿ, ನಿನ್ನ ಹಿತ್ತಿಲು ಬೇಕಾಗಿತ್ತು," ಎಂದಳು ಶಿವಗಂಗವ್ವ. "ಕೂಸಿಗೆ ಜೋಳ ಬೆಳೆಯಬೇಕು. ನನ್ನದೊಂದರಲ್ಲೇ ಆಗುವುದಿಲ್ಲ."

ಸಾವಂತ್ರವ್ವ ದಾರಿ ಬಿಟ್ಟಳು. ಗೋಡೆಗೆ ಒರಗಿ ಕುಳಿತಿದ್ದ ಕಸ್ತೂರಿ ಎದ್ದು ಒಂದು ತಂಬಿಗೆ ನೀರು ತಂದು ಕೊಟ್ಟಳು. ಕೊಟ್ಟದ್ದು ಬಲಗೈಯಲ್ಲಿ. ತಂಬಿಗೆ ತೆಗೆದುಕೊಳ್ಳುವಾಗ ಶಿವಗಂಗವ್ವ ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಆ ಕೈಯನ್ನು ನೋಡಿದಳು. ಸುಕ್ಕಿನ ಮೇಲೆ ಹಸಿರು ಬಳೆಗಳಿದ್ದವು. ಅವಳು ನೀರು ಕುಡಿದು, ತಂಬಿಗೆಯನ್ನು ಕೆಳಗಿಟ್ಟು, ಆ ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡಳು. ನೋಯುತ್ತದೆಯೇ ಎಂದು ಕೇಳಿದಳು. ಇಲ್ಲ ದೊಡ್ಡವ್ವ, ಯಾವಾಗಲೋ ನಿಂತಿತು ಎಂದಳು ಹುಡುಗಿ.

ಆ ದಿನವೇ ಸಾವಂತ್ರವ್ವ ಕುಡುಗೋಲು ಹಿಡಿದು ಹಿತ್ತಿಲಿಗೆ ಇಳಿದಳು. ಹೂ ಬಿಡಲು ಹದಿನೈದು ದಿನವೂ ಇರದ ಆಕಳ ಜೋಳವನ್ನು ಒಂದು ಗಿಡವೂ ಬಿಡದೆ ಕೊಯ್ದಳು. ಆಕಳಿಗೆ ಬೇಸಿಗೆಯಲ್ಲಿ ಏನು ಹಾಕುತ್ತೀ ಎಂದು ಗಂಡ ಕೇಳಿದ. ಅದನ್ನು ಬೇಸಿಗೆಯಲ್ಲಿ ನೋಡೋಣ ಎಂದಳು.

ಈಚೆಯ ಒಂಟಿ ಸಾಲನ್ನೂ ಕಿತ್ತು, ಇಬ್ಬರೂ ನೆಲ ಅಗೆದು ಹದ ಮಾಡಿದರು. ಕೊಟ್ಟಿಗೆಯ ಹಳೆಯ ಗೊಬ್ಬರವನ್ನು ಎರಡು ಪಾಲು ಮಾಡದೆ ಎರಡೂ ಕಡೆ ಹರಡಿದರು. ನೆನೆಸಿದ ಬೀಜವನ್ನು ಬೇಲಿಯ ಈಚೆ ಎರಡು ಸಾಲು, ಆಚೆ ಎರಡು ಸಾಲು ಊರಿದರು. ಕುಳಿಗೆ ಎರಡು ಬೀಜ, ಬೆರಳಿನ ಒಂದು ಗೆಣ್ಣಿನಷ್ಟು ಆಳ, ಕುಳಿಯಿಂದ ಕುಳಿಗೆ ಒಂದು ಗೇಣು. ಒಂದೇ ದಿನ, ಒಂದೇ ಹೊತ್ತಿನಲ್ಲಿ ಊರಿ ಮುಗಿಸಿದರು. ಬೇಲಿಯನ್ನು ಕೀಳಬೇಕೇ ಎಂದು ಸಾವಂತ್ರವ್ವ ಕೇಳಿದಳು. ಗಾಳಿಗೆ ಅದೇನು ಅಡ್ಡವಲ್ಲ, ಇರಲಿ ಎಂದಳು ಶಿವಗಂಗವ್ವ. ಬಾವಿಯ ಕೊಡ ದಾಟಿಸಲು ಎರಡು ಗೂಟ ಮಾತ್ರ ಕಿತ್ತರು.

ಎಂಟು ದಿನಕ್ಕೆ ಮೊಳಕೆ ಬಂತು. ಎರಡು ಎದ್ದ ಕಡೆ ಸೊರಗಿದ್ದನ್ನು ಕಿತ್ತು ಒಂದನ್ನು ಉಳಿಸಿದರು. ಗಿಡ ಮೊಣಕಾಲೆತ್ತರ ಬಂದಾಗ ಬುಡಕ್ಕೆ ಮಣ್ಣು ಏರಿಸಿದರು. ಮಾತು ಹೆಚ್ಚೇನೂ ಇರಲಿಲ್ಲ. ನೀರು ಸಾಕೇ, ಕಳೆ ಅಲ್ಲಿ ಉಳಿದಿದೆ, ಇಷ್ಟೇ. ಕಸ್ತೂರಿ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದಳು. ಒಂದು ದಿನ ಶಿವಗಂಗವ್ವ ಕೆಲಸದ ನಡುವೆ ತನಗೆಂದು ತಂದ ರೊಟ್ಟಿ ಬಿಚ್ಚಿ ತಿನ್ನುತ್ತಿದ್ದಳು. ದೊಡ್ಡವ್ವ, ಅದರಲ್ಲಿ ಒಂದು ತುಂಡು ಕೊಡು ಎಂದು ಹುಡುಗಿ ಕೈ ಚಾಚಿದಳು. ಇಬ್ಬರು ಹೆಂಗಸರೂ ಉಸಿರು ಹಿಡಿದು ನೋಡಿದರು. ರೊಟ್ಟಿಯ ತುಂಡು ಹೊಟ್ಟೆಯಲ್ಲಿ ನಿಂತಿತು. ಮರುದಿನ ಶಿವಗಂಗವ್ವ ಎರಡು ರೊಟ್ಟಿ ಹೆಚ್ಚು ತಟ್ಟಿದಳು.

ಗಿಡ ಆಳೆತ್ತರ ಬಂದಾಗ ಒಂದು ಮಧ್ಯಾಹ್ನ ಬಿರುಗಾಳಿ ಎದ್ದು ಮಳೆ ಹೊಡೆಯಿತು. ನಿಂತ ಮೇಲೆ ಹೋಗಿ ನೋಡಿದರೆ ಈಚೆಯ ಎರಡು ಸಾಲೂ ನೆಲಕ್ಕೆ ಒರಗಿದ್ದವು. ಶಿವಗಂಗವ್ವ ಕೆಸರಿನಲ್ಲಿ ಹಾಗೆಯೇ ಕುಳಿತುಬಿಟ್ಟಳು. ತನ್ನ ಕೈಗೆ ಒಪ್ಪಿಸಿದ್ದು ಯಾವುದೂ ಉಳಿಯುವುದಿಲ್ಲ ಎಂದಳು. ಸಾವಂತ್ರವ್ವ ಗೂಟ ಕಿತ್ತ ಸಂದಿಯಿಂದ ಈಚೆ ಬಂದು, ಒಂದು ಗಿಡವನ್ನು ನಿಧಾನವಾಗಿ ಎತ್ತಿ ನಿಲ್ಲಿಸಿ, ನೀನು ಬುಡಕ್ಕೆ ಮಣ್ಣು ಒತ್ತು ಎಂದಳು. ಒಬ್ಬಳು ಎತ್ತಿ ಹಿಡಿದಳು, ಒಬ್ಬಳು ಮಣ್ಣು ಒತ್ತಿದಳು. ಕತ್ತಲಾಗುವುದರೊಳಗೆ ಎರಡು ಸಾಲೂ ಎದ್ದು ನಿಂತವು. ನಾಲ್ಕು ಗಿಡ ಮುರಿದಿದ್ದವು, ಅವು ಆಕಳಿಗೆ ಹೋದವು.

ನೆತ್ತಿಯ ಮೇಲೆ ಹೂ ಬಂತು. ನಾಲ್ಕು ದಿನಕ್ಕೆ ತೆನೆಯ ಎಳೆಗಳೂ ಹೊರಗೆ ಬಂದವು. ಆಗ ಗಾಳಿ ನಿಂತಿತು. ಒಂದು ಎಲೆಯೂ ಅಲುಗದ ದಿನಗಳು. ಹುಡಿ ಹೂವಿನಲ್ಲೇ ಉಳಿಯಿತು. ಶಿವಗಂಗವ್ವ ಮತ್ತೆ ಮುದುಕಿಯ ಬಳಿಗೆ ಓಡಿದಳು. ಗಾಳಿ ಬರದಿದ್ದರೆ ನೀವೇ ಗಾಳಿಯಾಗಿ, ಇಬ್ಬನಿ ಆರಿದ ಮೇಲೆ ಹೂವನ್ನು ಪಕ್ಕದ ಗಿಡದ ಮೇಲೆ ಬಗ್ಗಿಸಿ ಅಲುಗಿಸಿ ಎಂದಳು ಮುದುಕಿ.

ಮರುದಿನ ಬೆಳಿಗ್ಗೆ ಇಬ್ಬರೂ ಸಾಲುಗಳ ನಡುವೆ ನಿಂತರು. ಈಚೆಯವಳು ತನ್ನ ಗಿಡದ ಹೂವನ್ನು ಬೇಲಿಯ ಮೇಲಿಂದ ಆಚೆಯ ತೆನೆಗಳ ಮೇಲೆ ಬಗ್ಗಿಸಿ ತಟ್ಟಿದಳು. ಆಚೆಯವಳು ತನ್ನದನ್ನು ಈಚೆಗೆ ಬಗ್ಗಿಸಿದಳು. ಹಳದಿ ಹುಡಿ ಎಳೆಗಳ ಮೇಲೆ, ಕೈ ಮೇಲೆ, ತಲೆಯ ಮೇಲೆ ಬಿತ್ತು. ಆ ಕೆಲಸ ಐದು ದಿನ ನಡೆಯಿತು. ಮೂರನೆಯ ದಿನ ಸಾವಂತ್ರವ್ವನ ಕೈ ನಿಂತಿತು.

"ಅಕ್ಕ, ಆ ದಿನ ನಾನು ಆ ಮಾತು ಅನ್ನಬಾರದಿತ್ತು. ಅಂದ ಗಳಿಗೆಯಿಂದ ಅದು ನನ್ನ ಗಂಟಲಲ್ಲೇ ಇದೆ. ಬಂದು ಹೇಳಬೇಕೆಂದರೆ ನೀನು ಗೋಡೆ ಕಟ್ಟಿಸಿದ್ದೆ."

ಶಿವಗಂಗವ್ವ ಬಗ್ಗಿಸಿ ಹಿಡಿದಿದ್ದ ಗಿಡವನ್ನು ಬಿಟ್ಟಳು.

"ನಿನ್ನ ಮಾತಿಗಿಂತ ಮೊದಲು ನನ್ನದೊಂದು ಮಾತು ಬರಬೇಕಿತ್ತು, ಸಾವಂತ್ರಿ. ಗಂಜಿಯ ಪಾತ್ರೆಯನ್ನು ದಾರಿಯಲ್ಲಿಟ್ಟು ಹೋದವಳು ನಾನು. ತಪ್ಪಾಯಿತು ಎಂದು ನಾನು ಯಾರಿಗೂ ಹೇಳಲಿಲ್ಲ. ನಿನ್ನ ಮಾತು ಸಿಕ್ಕಿತು, ಅದನ್ನು ಹೊದ್ದುಕೊಂಡು ಕುಳಿತೆ. ನೀನು ಅಂದದ್ದನ್ನು ನೆನೆಯುತ್ತಿದ್ದರೆ ನಾನು ಮಾಡಿದ್ದು ನೆನಪಿಗೆ ಬರುತ್ತಿರಲಿಲ್ಲ."

ಸಾವಂತ್ರವ್ವ ಬೇಲಿಯ ಮೇಲಿಂದ ಕೈ ಚಾಚಿ ಅಕ್ಕನ ಹಣೆಯ ಮೇಲೆ ಬಿದ್ದಿದ್ದ ಹುಡಿ ಒರೆಸಿದಳು. ಆಮೇಲೆ ಇಬ್ಬರೂ ಉಳಿದ ಗಿಡಗಳನ್ನು ಮುಗಿಸಿದರು.

ಇಪ್ಪತ್ತು ದಿನ ಕಳೆದವು. ತೆನೆಯ ಎಳೆಗಳು ಕಂದಿ ಒಣಗಿದವು. ಶಿವಗಂಗವ್ವ ಒಂದು ತೆನೆಯ ಮುಸುಕನ್ನು ತುಸು ಸರಿಸಿ ಕಾಳಿಗೆ ಉಗುರು ಒತ್ತಿದಳು. ನೀರಿನಂಥ ರಸ ಬಂತು. ಇನ್ನೂ ಆಗಿಲ್ಲ ಎಂದು ಮುಸುಕು ಮುಚ್ಚಿ ಬಟ್ಟೆಯ ಚೂರು ಕಟ್ಟಿದಳು. ನಾಲ್ಕು ದಿನ ಬಿಟ್ಟು ಇನ್ನೊಂದನ್ನು ಒತ್ತಿದಳು. ಹಾಲಿನಂಥ ರಸ ಬಂತು. ಸಾವಂತ್ರಿ, ಒಲೆ ಹೊತ್ತಿಸು ಎಂದಳು. ತೆನೆ ಕಿತ್ತ ಗಳಿಗೆಯಿಂದ ಸಿಹಿ ಇಳಿಯುತ್ತ ಹೋಗುತ್ತದೆಂದು ಮುದುಕಿ ಹೇಳಿದ್ದಳು. ಅದಕ್ಕೇ ಮೊದಲು ನೀರು ಕುದಿಸಿದರು. ಕುದಿಯುವ ಸದ್ದು ಕೇಳಿದ ಮೇಲೆ ತೆನೆ ಕಿತ್ತರು. ಸುಲಿಯುತ್ತ ಸುಲಿಯುತ್ತಲೇ ಒಳಗೆ ಬಂದರು. ಬುಡದಿಂದ ತುದಿಯವರೆಗೆ ಒಂದು ಕಾಳಿನ ಜಾಗವೂ ಖಾಲಿ ಇರಲಿಲ್ಲ.

ಕಸ್ತೂರಿ ಮೊದಲ ಕಚ್ಚು ಕಚ್ಚಿ ಕಣ್ಣು ಮುಚ್ಚಿದಳು. ತಾಯಿಯೂ ದೊಡ್ಡವ್ವನೂ ಅವಳ ಬಾಯನ್ನೇ ನೋಡುತ್ತ ನಿಂತಿದ್ದರು. ಅವಳು ಕಣ್ಣು ತೆರೆದು, ಹೀಗೆ ನಿಂತರೆ ನಾನು ಹೇಗೆ ತಿನ್ನಲಿ, ನೀವೂ ತೆಗೆದುಕೊಳ್ಳಿ ಎಂದಳು. ಮೂವರೂ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತರು. ಅವಳು ಒಂದು ಮುಗಿಸಿ ಇನ್ನೊಂದು ಕೇಳಿದಳು. ಎರಡನೆಯದನ್ನು ಮುಗಿಸಿ ಅಲ್ಲೇ ಶಿವಗಂಗವ್ವನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಹುಡುಗಿ ಏಳುವವರೆಗೆ ಶಿವಗಂಗವ್ವ ಕಾಲು ಅಲುಗಿಸಲಿಲ್ಲ.

ಅಲ್ಲಿಂದ ಹುಡುಗಿ ಚೇತರಿಸಿಕೊಂಡಳು. ತಿಂಗಳು ತುಂಬಿ ಹೆಣ್ಣುಮಗು ಹುಟ್ಟಿತು. ಸಣ್ಣ ಕೂಸು, ಆದರೆ ಗಟ್ಟಿಯಾಗಿ ಅತ್ತಿತು. ಬಾಣಂತನವನ್ನು ಯಾರು ಮಾಡಬೇಕೆಂಬ ಮಾತು ಬರಲಿಲ್ಲ. ಒಬ್ಬಳು ಬಾಣಂತಿಗೆ ನೀರು ಹಾಕಿದಳು, ಒಬ್ಬಳು ಕೂಸಿಗೆ ಹಾಕಿದಳು. ಮನೆಯೊಳಗಿನ ಗೋಡೆ ಹಾಗೆಯೇ ಇತ್ತು. ಅದನ್ನು ಒಡೆಸಲು ಪುರುಸೊತ್ತಾಗಲಿಲ್ಲ. ಬೇಸಿಗೆಯಲ್ಲಿ ಆಕಳಿಗೆ ಮೇವು ಸಾಲದೆ ಹೋಯಿತು. ಎರಡೂ ಮನೆಯವರು ಬದುವಿನ ಹುಲ್ಲು ಕೊಯ್ದು ತಂದು ಹೇಗೋ ದಾಟಿಸಿದರು.

ಗುರುಗಳು ಕತೆ ನಿಲ್ಲಿಸಿದರು. ಅವರೆಕಾಯಿ ಮುಗಿದಿತ್ತು. ಅವರು ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದರು.

ರೇವಯ್ಯನಿಗೆ ಶಿವಗಂಗವ್ವನ ಪರವಾಗಿ ಒಂದು ಮಾತು ಹೇಳಬೇಕೆನ್ನಿಸಿತು.

"ಆದರೂ ಗುರುಗಳೇ, ಅಷ್ಟು ವರ್ಷದಲ್ಲಿ ಆಕೆ ಬೇಲಿಯ ಆಚೆಯವರಿಗೆ ಒಂದು ಕೇಡನ್ನೂ ಮಾಡಿರಲಿಲ್ಲವಲ್ಲ," ಎಂದ.

"ಹೌದು," ಎಂದರು ಗುರುಗಳು, "ಹದಿನಾಲ್ಕು ವರ್ಷ ಆಕೆ ಕೇಡನ್ನೂ ಮಾಡಲಿಲ್ಲ, ತುಂಬಿದ ತೆನೆಯನ್ನೂ ಬೆಳೆಯಲಿಲ್ಲ."